ಮೈಬಣ್ಣಕ್ಕೂ ಸ್ನಾಯುವಿಗೂ ಏನು ನಂಟು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಚರ್ಮದ ಬಣ್ಣ, ಸ್ನಾಯು ರೋಗ ಎರಡರ ಮೇಲೂ ಸಂಶೋಧನೆ ಮಾಡುವ ವಿಜ್ಞಾನಿಯೊಬ್ಬರ ಬಗ್ಗೆ ಬರೆದಿದ್ದೀರಿ. ಇವೆರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಮೈಯಲ್ಲಿ ಬಣ್ಣ ಕಡಿಮೆ ಇರುವವರ ಸ್ನಾಯು ದುರ್ಬಲ ಎಂದು ತಿಳಿಯಬೇಕೇ?

ಸಂಪಾದಕರ ಉತ್ತರ: ಖಂಡಿತ ಬೇಡ. ಮೈಬಣ್ಣ ನೋಡಿ ತೋಳಿನ ಬಲ ಹೇಳಲು ಬರುವುದಿಲ್ಲ. ನಂಟು ಇರುವುದು ಜೀವಕೋಶದೊಳಗಿನ ಯಂತ್ರಗಳಲ್ಲಿ. ಲೇಖನ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿತ್ತು, ಹಾಗಾಗಿ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ.

ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಹೊರಚರ್ಮದ ತಳದಲ್ಲಿರುವ ಮೆಲನೋಸೈಟ್ ಕೋಶಗಳಲ್ಲಿ, ಮೆಲನೋಸೋಮ್ ಎಂಬ ಪುಟ್ಟ ಚೀಲಗಳೊಳಗೆ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಚೀಲಗಳ ಗಾತ್ರ, ಸಂಖ್ಯೆ, ಹಂಚಿಕೆ. ಒಂದು ಮೆಲನೋಸೈಟ್ ಕವಲು ಚಾಚಿ ಸುಮಾರು 30–40 ನೆರೆಕೋಶಗಳಿಗೆ ಬಣ್ಣ ಪೂರೈಸುತ್ತದೆ. ಚೀಲ ಹುಟ್ಟುವುದು ಕೋಶದ ನಡುವೆ, ಬೇಕಾಗುವುದು ಕವಲಿನ ತುದಿಯಲ್ಲಿ. ಹೊತ್ತೊಯ್ಯಬೇಕಲ್ಲ!

ದೂರದ ದಾರಿಗೆ ಮೈಕ್ರೋಟ್ಯೂಬ್ಯೂಲ್ ಎಂಬ ಹಳಿ ಇದೆ. ತುದಿ ತಲುಪಿದ ಮೇಲೆ ಆಕ್ಟಿನ್ ಎಳೆಗಳ ಸರದಿ. ಅಲ್ಲಿ ಚೀಲದ ಮೇಲೆ ರ‍್ಯಾಬ್-27ಎ ಪ್ರೋಟೀನ್ ಕೂತಿರುತ್ತದೆ, ಅದಕ್ಕೆ ಮೆಲನೋಫಿಲಿನ್ ಕೊಂಡಿ ಹಾಕುತ್ತದೆ, ಆ ಕೊಂಡಿಯನ್ನು ಮಯೋಸಿನ್-5ಎ ಎಂಬ ಚಲಿಸುವ ಪ್ರೋಟೀನ್ ಹಿಡಿಯುತ್ತದೆ. ಈ ಮಯೋಸಿನ್ ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿಕೊಂಡು ಹೆಜ್ಜೆಗೆ 36 ನ್ಯಾನೋಮೀಟರ್‌ನಂತೆ ನಡೆಯಬಲ್ಲದು. ಸ್ನಾಯು ಸಂಕುಚಿಸುವುದೂ ಇದೇ ಕುಟುಂಬದ ಮಯೋಸಿನ್-2 ಅದೇ ಆಕ್ಟಿನ್ ಎಳೆಯನ್ನು ಜಗ್ಗುವುದರಿಂದ. ಚರ್ಮದಲ್ಲಿರುವುದು ಹಿಡಿತ ಬಿಡದೆ ನಡೆಯುವ ಹಮಾಲಿ. ಸ್ನಾಯುವಿನಲ್ಲಿರುವುದು ಹಗ್ಗಜಗ್ಗಾಟದ ದಂಡು, ಒಂದೊಂದು ತಲೆಯೂ ಕ್ಷಣ ಹಿಡಿದು, ಎಳೆದು, ಬಿಡುತ್ತದೆ. ಒಂದನ್ನು ಅರಿತವರಿಗೆ ಇನ್ನೊಂದರ ಬಾಗಿಲು ತೆರೆಯುವುದು ಹೀಗೆ.

ಬಣ್ಣದ ಚೀಲ ಸಾಗಿಸುವ ಆ ಮೂರು ಪ್ರೋಟೀನುಗಳಲ್ಲಿ ಯಾವುದು ಕೆಟ್ಟರೂ ಗ್ರಿಸೆಲ್ಲಿ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ. ಮೆಲನಿನ್ ಇದ್ದರೂ ಸಾಗಣೆ ನಿಂತಿರುತ್ತದೆ. ಕೂದಲು ಬೆಳ್ಳಿಬೂದು, ಸೂಕ್ಷ್ಮದರ್ಶಕದಲ್ಲಿ ಎಳೆಯೊಳಗೆ ಬಣ್ಣ ಗಂಟುಗಂಟಾಗಿ ಕಾಣುತ್ತದೆ. ಮೆಲನೋಫಿಲಿನ್ ಕೆಟ್ಟರೆ ಬಣ್ಣದ ತೊಂದರೆ ಮಾತ್ರ. ರ‍್ಯಾಬ್-27ಎ ಕೆಟ್ಟರೆ ರೋಗನಿರೋಧಕ ಕೋಶಗಳೂ ಸೋಲುತ್ತವೆ, ಅಸ್ಥಿಮಜ್ಜೆಯ ಕಸಿ ಬೇಕಾಗುತ್ತದೆ. ಮಯೋಸಿನ್-5ಎ ಕೆಟ್ಟ ಮಗುವಿನ ಮೈ ಜೋಲುತ್ತದೆ. ನೋಡಿದವರು ಸ್ನಾಯು ರೋಗವೆಂದುಕೊಳ್ಳುವುದು ಸಹಜ, ಆದರೆ ದೋಷ ಇರುವುದು ನರಕೋಶಗಳಲ್ಲಿ.

ಡುಶೇನ್ ಸ್ನಾಯುಕ್ಷಯದ ಕತೆ ಬೇರೆ. ಅಲ್ಲಿ ಮಯೋಸಿನ್ ಸರಿಯಾಗಿಯೇ ಇರುತ್ತದೆ; ಆಕ್ಟಿನ್ನನ್ನು ಕೋಶಪೊರೆಗೆ ಬಿಗಿಯುವ ಡಿಸ್ಟ್ರೋಫಿನ್ ಇರುವುದಿಲ್ಲ. ಪ್ರತಿ ಸಂಕುಚನಕ್ಕೂ ಪೊರೆ ಹರಿಯುತ್ತದೆ, ಸ್ನಾಯುವಿನೊಳಗಿನ ಕಿಣ್ವ ಕ್ರಿಯಾಟಿನ್ ಕೈನೇಸ್ (ಸಿಕೆ) ರಕ್ತಕ್ಕೆ ಸೋರಿ ಹತ್ತಾರು ಪಟ್ಟು ಏರುತ್ತದೆ. ಎಎಸ್‌ಟಿ, ಎಎಲ್‌ಟಿ ಕಿಣ್ವಗಳೂ (ಯಕೃತ್ತಿನ ಪರೀಕ್ಷೆಯಲ್ಲಿ ಅಳೆಯುವಂಥವು) ಜೊತೆಗೆ ಸೋರುವುದರಿಂದ ವರದಿ ನೋಡಿ ಯಕೃತ್ತಿನ ರೋಗವೆಂದು ತಪ್ಪು ತಿಳಿಯುವುದುಂಟು. ಆ ಎರಡು ಏರಿ, ಯಕೃತ್ತಿನ ಇನ್ನೊಂದು ಕಿಣ್ವ ಜಿಜಿಟಿ ಸಹಜವಾಗಿದ್ದರೆ ಸಿಕೆ ಒಮ್ಮೆ ನೋಡಲೇಬೇಕು.

ಇನ್ನು, ಚರ್ಮ ಮತ್ತು ಸ್ನಾಯು ಎರಡೂ ಒಟ್ಟಿಗೆ ಕೆಡುವ ರೋಗವೂ ಇದೆ: ಡರ್ಮಟೋಮಯೋಸೈಟಿಸ್. ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿಬಿದ್ದದ್ದು ಇದಕ್ಕೆ ಕಾರಣ. ಬೆರಳ ಗೆಣ್ಣುಗಳ ಮೇಲೆ ಉಬ್ಬಿದ ಕಲೆ, ರೆಪ್ಪೆಯ ಮೇಲೆ ನೇರಳೆ ಛಾಯೆ, ತೋಳೆತ್ತಿ ತಲೆ ಬಾಚಲು ಕಷ್ಟ, ಕೂತಲ್ಲಿಂದ ಏಳಲು ಕಷ್ಟ. ಪಠ್ಯಪುಸ್ತಕಗಳು ಹೇಳುವ ಕೆಂಪು ಬಣ್ಣ, ಕಪ್ಪು ಮೈಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಲೆ ಗಾಢ ಕಂದು ಅಥವಾ ಬೂದು ನೇರಳೆಯಾಗಿ ಕಂಡು, ಬಿಸಿಲಿನ ಕಪ್ಪೆಂದೋ ಅಲರ್ಜಿಯೆಂದೋ ತಿಂಗಳುಗಟ್ಟಲೆ ಕಳೆದುಹೋಗಬಹುದು. ಮೈಬಣ್ಣ ನಿಜಕ್ಕೂ ಲೆಕ್ಕಕ್ಕೆ ಬರುವುದು ಇಲ್ಲಿ. ಈ ರೋಗದಲ್ಲಿ ಸಿಕೆ ಸಹಜವಾಗಿಯೇ ಇರಬಹುದು, ಆ ಒಂದು ವರದಿ ನಂಬಿ ಸುಮ್ಮನಾಗಬಾರದು. ದೊಡ್ಡವರಲ್ಲಿ ಒಳಗೆಲ್ಲಾದರೂ ಕ್ಯಾನ್ಸರ್ ಅಡಗಿದೆಯೇ ಎಂದೂ ಹುಡುಕುತ್ತಾರೆ. ತಾವಾಗಿಯೇ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಬಯಾಪ್ಸಿಯಲ್ಲಿ ಕಾಣಬೇಕಾದ ಉರಿಯೂತ ಮಸುಕಾಗಿ, ರೋಗ ಗುರುತಿಸುವುದೇ ಕಷ್ಟವಾಗುತ್ತದೆ.