ಎಲೆಕ್ಟ್ರಾನನ್ನು ಯಾರೂ ತಳ್ಳುತ್ತಿಲ್ಲ

ಎಲೆಕ್ಟ್ರಾನಿನಂಥ ಕಣಗಳನ್ನು ಸದಾ ಓಡಿಸುತ್ತಿರುವ ಶಕ್ತಿ ಯಾವುದು, ಅದೇಕೆ ಮುಗಿದುಹೋಗುವುದಿಲ್ಲ ಎಂದು ಕೇಳಿದ್ದೀರಿ. ಇದಕ್ಕೆ ನಾನು ಒಮ್ಮೆ ಉತ್ತರ ಕೊಟ್ಟು ಸೀಟು ಕಳೆದುಕೊಂಡಿದ್ದೇನೆ.

ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಸಂದರ್ಶನಕ್ಕೆ ಹೋಗಿದ್ದೆ. ಪ್ರಾಧ್ಯಾಪಕರೊಬ್ಬರು ಹಲಗೆಯ ಮೇಲೆ ಒಂದು ಚುಕ್ಕೆಯಿಟ್ಟು, ಅದರ ಸುತ್ತ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ ಮೋಡದಂತೆ ಮಾಡಿ, "ಈ ಹೈಡ್ರೋಜನ್ ಪರಮಾಣುವನ್ನು ನಿರಪೇಕ್ಷ ಶೂನ್ಯದವರೆಗೆ ತಣಿಸಿದರೆ ಎಲೆಕ್ಟ್ರಾನ್ ಏನಾಗುತ್ತದೆ?" ಎಂದರು. "ನಿಂತುಹೋಗುತ್ತದೆ ಸರ್" ಎಂದೆ.

ಉಷ್ಣತೆಯೆಂದರೆ ಕಣಗಳ ಚಲನೆ, ಆದ್ದರಿಂದ -273.15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲವೂ ಸ್ತಬ್ಧ ಎಂಬ ಪಿಯುಸಿ ಕಾಲದ ನಂಬಿಕೆಯೇ ಆ ಉತ್ತರವಾಗಿ ಬಾಯಿಂದ ಬಂದಿತ್ತು. ಅದು ತಪ್ಪು. ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ; ಹೈಡ್ರೋಜನ್ನಿನ ಎಲೆಕ್ಟ್ರಾನ್ ಕೆಳಗಿನ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಮೇಲೇರಲು 10.2 ಎಲೆಕ್ಟ್ರಾನ್‌ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಬೇಕು. ಕೋಣೆಯ ಬಿಸಿ ಒದಗಿಸುವುದು ಸುಮಾರು 0.025 ಮಾತ್ರ. ಅಂದರೆ ನಾವು ಕುಳಿತಿದ್ದ ಆ ಸೆಕೆಯ ಕೋಣೆಯಲ್ಲಿಯೂ ಎಲೆಕ್ಟ್ರಾನ್ ತನ್ನ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿಯೇ ಇರುತ್ತದೆ, ಎಷ್ಟು ತಣಿಸಿದರೂ ಅದರಿಂದ ಕಿತ್ತುಕೊಳ್ಳಲು ಏನೂ ಉಳಿದಿರುವುದಿಲ್ಲ. ಆದರೂ ಅದರ ಸರಾಸರಿ ಚಲನಶಕ್ತಿ 13.6 ಎಲೆಕ್ಟ್ರಾನ್‌ವೋಲ್ಟ್. ಹೈಸನ್‌ಬರ್ಗ್ 1927ರಲ್ಲಿ ಮಂಡಿಸಿದ ಅನಿಶ್ಚಿತತಾ ತತ್ತ್ವದ ಪ್ರಕಾರ, ಕಣವನ್ನು ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದಷ್ಟೂ ಅದರ ಸಂವೇಗ (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ) ಹರಡಿಕೊಳ್ಳುತ್ತದೆ, ಅಂದರೆ ಅದು ಪೂರ್ತಿ ನಿಲ್ಲಲಾರದು; ನ್ಯೂಕ್ಲಿಯಸ್ಸಿನ ಸೆಳೆತಕ್ಕೂ ಈ ಹರಡುವಿಕೆಗೂ ರಾಜಿಯಾಗುವುದು ಸುಮಾರು 0.053 ನ್ಯಾನೊಮೀಟರ್ ದೂರದಲ್ಲಿ.

"ಹಾಗಾದರೆ ಹೀಲಿಯಂ ಏಕೆ ಹೆಪ್ಪುಗಟ್ಟುವುದಿಲ್ಲ?" ಎಂದು ಅವರು ಇನ್ನೊಂದು ಅವಕಾಶ ಕೊಟ್ಟರು. ನಾನು ಸೀಮೆಸುಣ್ಣದ ಮೋಡವನ್ನೇ ನೋಡುತ್ತ ಕುಳಿತೆ. ಡಚ್ ಭೌತವಿಜ್ಞಾನಿ ಕ್ಯಾಮರ್ಲಿಂಗ್ ಓನ್ಸ್ 1908ರಲ್ಲಿ ಲೈಡನ್‌ನಲ್ಲಿ ದ್ರವವಾಗಿಸಿದ ಹೀಲಿಯಂ, ಸಾಮಾನ್ಯ ಒತ್ತಡದಲ್ಲಿ ಎಷ್ಟು ತಣಿಸಿದರೂ ದ್ರವವಾಗಿಯೇ ಉಳಿಯುತ್ತದೆ. ಅದನ್ನು ಘನವಾಗಿಸಲು ಕನಿಷ್ಠ 25 ವಾಯುಮಂಡಲದಷ್ಟು ಒತ್ತಡ ಬೇಕು. ಹಗುರವಾದ ಆ ಪರಮಾಣುಗಳ ಶೂನ್ಯಬಿಂದು ಚಲನೆಯ, ಅಂದರೆ ಎಷ್ಟು ತಣಿಸಿದರೂ ಉಳಿಯುವ ಚಲನೆಯ ಮುಂದೆ, ಅವುಗಳ ನಡುವಿನ ದುರ್ಬಲ ಆಕರ್ಷಣೆ ಸಾಲದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚಲನೆಗೆ ಕಾರಣ ಬೇಕಿಲ್ಲ, ಚಲನೆ ಬದಲಾಗಲು ಬೇಕು; ಇದು ಗೆಲಿಲಿಯೊ, ನ್ಯೂಟನ್ನರ ಕಾಲದ ಮಾತು. ತಂತಿಯಲ್ಲಿ ವಿದ್ಯುತ್ ಕ್ಷೇತ್ರ, ನ್ಯೂಕ್ಲಿಯಸ್ಸಿನ ಕಣಗಳನ್ನು ಒಟ್ಟಿಗೆ ಹಿಡಿದಿಡುವ ಪ್ರಬಲ ಬಲ, ಬೀಟಾ ಕ್ಷಯದಲ್ಲಿ (ಒಂದು ಬಗೆಯ ವಿಕಿರಣ ಕ್ಷಯ) ದುರ್ಬಲ ಬಲ, ಇವೆಲ್ಲ ಬದಲಾವಣೆಯ ಕಾರಣಗಳು. ಎಲೆಕ್ಟ್ರಾನನ್ನು ಪೆಟ್ರೋಲ್ ಸುಡುವ ಬೈಕಿನಂತೆ ಕಲ್ಪಿಸಿಕೊಂಡರೆ ಮಾತ್ರ ಇಂಧನ ಎಲ್ಲಿಂದ ಬಂತೆಂಬ ಚಿಂತೆ ಹುಟ್ಟುತ್ತದೆ.

ಮರುವರ್ಷ ಬೇರೊಂದು ಸಂಸ್ಥೆಯ ಸಂದರ್ಶನಕ್ಕೆ ಇದನ್ನೆಲ್ಲ ಅರೆದು ಕುಡಿದು ಹೋಗಿದ್ದೆ. ಅಲ್ಲಿ ಹೀಲಿಯಂನ ಹೆಸರನ್ನೇ ಯಾರೂ ಎತ್ತಲಿಲ್ಲ.