ಸರ್ವರ್‌ನ ಪ್ರೊಸೆಸರ್ ಬದಲಿಸುವ ಮುನ್ನ

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಬಿಲ್ಲು, ದಾಸ್ತಾನು, ಕೂಲಿಯ ಲೆಕ್ಕವೆಲ್ಲ ರ್‍ಯಾಕ್‌ನಲ್ಲಿರುವ ಒಂದೇ ಸರ್ವರ್‌ನಲ್ಲಿದೆ. ಅದರ ಇಂಟೆಲ್ ಝಿಯಾನ್ ಇ5-2620 ವಿ3 ಪ್ರೊಸೆಸರ್ ತೆಗೆದು ಇ5-2680 ವಿ4 ಹಾಕಬೇಕೆಂದಿದ್ದೇವೆ. ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಒಂದೇ ಎನ್ನುತ್ತಾರೆ. ನಾವೇ ಬದಲಿಸಬಹುದೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಬದಲಿಸಬಹುದು, ಆದರೆ ಸಾಕೆಟ್ ಒಂದೇ ಎಂಬುದನ್ನಷ್ಟೇ ನಂಬಿ ಸರ್ವರ್ ಬಿಚ್ಚಬೇಡಿ. ಎರಡಕ್ಕೂ ಎಲ್‌ಜಿಎ 2011-3 ಸಾಕೆಟ್ಟೇ ಬೇಕು, ನಿಜ. ಆದರೆ ವಿ3 ಬಂದದ್ದು 2014ರಲ್ಲಿ, ವಿ4 ಬಂದದ್ದು 2016ರಲ್ಲಿ. ಹಳೆಯ ಬಯಾಸ್‌ಗೆ (ಯಂತ್ರ ಶುರುವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೊಸದರ ಗುರುತು ಸಿಗುವುದಿಲ್ಲ. ಆದ್ದರಿಂದ ತಯಾರಕರ ಪಟ್ಟಿಯಲ್ಲಿ ನಿಮ್ಮ ಸರ್ವರ್ ಮಾದರಿಗೆ ಈ ಪ್ರೊಸೆಸರ್ ಒಪ್ಪುತ್ತದೆಯೇ ಎಂದು ನೋಡಿ, ದತ್ತಾಂಶದ ಬ್ಯಾಕಪ್ ತೆಗೆದು, ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿದ್ದರೆ ಅದನ್ನು ತೆರೆಯುವ ರಿಕವರಿ ಕೀ ಬರೆದಿಟ್ಟುಕೊಂಡು, ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸನ್ನು ನವೀಕರಿಸಿಕೊಳ್ಳಿ. ಆ ಹೊತ್ತಿನಲ್ಲಿ ಕರೆಂಟು ಹೋಗಬಾರದು. ಯುಪಿಎಸ್ ಬ್ಯಾಟರಿಯನ್ನು ಮೊದಲೇ ಪರೀಕ್ಷಿಸಿ.

ಇನ್ನೊಂದು ಮಾತು: ಕೋರ್‌ಗಳು (ಪ್ರೊಸೆಸರ್‌ನೊಳಗೆ ಬೇರೆಬೇರೆಯಾಗಿ ಕೆಲಸ ಮಾಡುವ ಘಟಕಗಳು) 6ರಿಂದ 14ಕ್ಕೆ ಏರುತ್ತವೆ, ಮೂಲ ವೇಗ ಮಾತ್ರ ಎರಡರಲ್ಲೂ 2.4 ಗಿಗಾಹರ್ಟ್ಸ್. ನಿಮ್ಮ ಬಿಲ್ಲಿಂಗ್ ತಂತ್ರಾಂಶ ಒಂದೇ ಕೋರ್ ಬಳಸುವಂಥದ್ದಾದರೆ ಹೆಚ್ಚಿನ ಲಾಭ ಕಾಣದು. ಹಲವರು ಒಟ್ಟಿಗೆ ಕೆಲಸ ಮಾಡುವಾಗ ಎಲ್ಲ ಕೋರ್‌ಗಳೂ ತುಂಬಿಹೋಗುತ್ತಿದ್ದರೆ ಮಾತ್ರ ಈ ಖರ್ಚು ಸಾರ್ಥಕ.

ಶಾಖದ ವಿಷಯದಲ್ಲಿ ನಿಮ್ಮ ಊರಿನವರು ಹೆಚ್ಚು ಎಚ್ಚರ ವಹಿಸಬೇಕು. ಹಳೆಯದು 85 ವಾಟ್, ಹೊಸದು 120 ವಾಟ್; ಅದಕ್ಕೆ ತಕ್ಕ ಹೀಟ್‌ಸಿಂಕ್ (ಪ್ರೊಸೆಸರ್‌ನ ಶಾಖ ಹೀರುವ ಲೋಹದ ಭಾಗ) ಬೇಕಾಗಬಹುದು. ಬಳ್ಳಾರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅದರ ಜೊತೆಗೆ ಹೊಲಿಗೆಯ ಕೋಣೆಯಿಂದ ಹಾರಿ ಬರುವ ನೀಲಿ ನೂಲಿನ ಜೂಲು ಕೆಂಪು ಧೂಳಿನೊಡನೆ ಸೇರಿ, ಹೀಟ್‌ಸಿಂಕಿನ ಎಸಳುಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಹೀಟ್‌ಸಿಂಕನ್ನು ಹೊರಗೆ ಒಯ್ದು ಶುಚಿಗೊಳಿಸದೆ ಮತ್ತೆ ಕೂರಿಸಬೇಡಿ.

ಬಿಚ್ಚುವಾಗ ಎರಡೂ ಪವರ್ ಕೇಬಲ್ ಕಿತ್ತು, ಪವರ್ ಗುಂಡಿಯನ್ನು ಕೆಲ ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಬರಿದು ಮಾಡಿ. ಸರ್ವರನ್ನು ರ್‍ಯಾಕ್‌ನಿಂದ ಇಬ್ಬರು ಹಿಡಿದು ಇಳಿಸಿ; ಮಣಿಕಟ್ಟಿಗೆ ಸ್ಥಿರವಿದ್ಯುತ್ ತಡೆಯುವ ಪಟ್ಟಿ ಕಟ್ಟಿಕೊಳ್ಳಿ. ಈ ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ಗಲ್ಲ, ಬೋರ್ಡಿಗೆ; ಕೂದಲೆಳೆಯಂಥ 2011 ಪಿನ್ನುಗಳಲ್ಲಿ ಒಂದು ಬಾಗಿದರೂ ಬೋರ್ಡು ಹಾಳಾಗಬಹುದು. ಮೂಲೆಯ ತ್ರಿಕೋನ ಗುರುತನ್ನು ಹೊಂದಿಸಿ, ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಇಳಿಬಿಡಿ, ಒತ್ತಬೇಡಿ. ಪ್ರೊಸೆಸರ್ ಮತ್ತು ಹೀಟ್‌ಸಿಂಕಿನ ನಡುವೆ ಶಾಖ ಸಾಗಿಸುವ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಿ, ಹೀಟ್‌ಸಿಂಕಿನ ಸ್ಕ್ರೂಗಳನ್ನು ಕರ್ಣಾಕಾರವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

ಮುಂದೆ ಎರಡನೆಯ ಪ್ರೊಸೆಸರ್ ಹಾಕುವ ಆಲೋಚನೆಯಿದ್ದರೆ ಅದೂ ಇದೇ ಮಾದರಿಯದ್ದೇ ಆಗಿರಬೇಕು. ವಿಂಡೋಸ್ ಸರ್ವರ್ 2016 ಅಥವಾ ನಂತರದ್ದು ಬಳಸುತ್ತಿದ್ದರೆ ಪರವಾನಗಿಯ ಲೆಕ್ಕ ಕೋರ್‌ಗಳ ಮೇಲಿದೆ: ಕನಿಷ್ಠ 16 ಕೋರ್‌ಗಳ ಪರವಾನಗಿಯಲ್ಲಿ ಹೊಸದರ 14 ಅಡಗುತ್ತದೆ, ಎರಡು ಸೇರಿ 28 ಆದಾಗ ಹೆಚ್ಚಿನದನ್ನು ಕೊಳ್ಳಬೇಕಾಗುತ್ತದೆ. ಹಳೆಯ ಪ್ರೊಸೆಸರನ್ನು ಕೂಡಲೇ ಮಾರಬೇಡಿ. ಹೊಸದು ಒಂದು ವಾರ ಪೂರ್ಣ ಹೊರೆಯಲ್ಲಿ ಉಷ್ಣತೆಯ ಎಚ್ಚರಿಕೆ ಕೊಡದೆ ನಡೆಯುವವರೆಗೆ ಅದು ನಿಮ್ಮ ಬೀರುವಿನಲ್ಲೇ ಇರಲಿ.