ಮಾತಾಡಿದರೆ ಮೊಬೈಲೇ ಬರೆದುಕೊಳ್ಳುವಾಗ ವಿಮ್ ಕಲಿಯುವುದು ವ್ಯರ್ಥವಲ್ಲವೇ?

ಬಾಯಲ್ಲಿ ಹೇಳಿದ್ದನ್ನು ಮೊಬೈಲೇ ಬರೆದುಕೊಳ್ಳುವ ಈ ಕಾಲದಲ್ಲಿ, ಮೌಸ್ ಮುಟ್ಟದೆ ಕೀಲಿಗಳಿಂದಲೇ ಪಠ್ಯವನ್ನು ತಿದ್ದುವ ವಿಮ್‌ನಂಥ ತಂತ್ರಾಂಶಕ್ಕಾಗಿ ತಿಂಗಳುಗಟ್ಟಲೆ ಕೈ ಪಳಗಿಸುವುದು ವ್ಯರ್ಥವಲ್ಲವೇ ಎಂದು ಕೇಳಿದ್ದೀರಿ. ಬರೆಯುವುದಕ್ಕಿಂತ ತಿದ್ದುವ ಕೆಲಸವೇ ಹೆಚ್ಚಾಗಿರುವವರಿಗೆ ಅದು ವ್ಯರ್ಥವಲ್ಲ; ಉಳಿದವರು ಕಲಿಯದಿದ್ದರೂ ನಷ್ಟವೇನಿಲ್ಲ.

ನಾನು ಗಂಗಾವತಿಯಲ್ಲಿ ಜಮೀನಿನ ಖರೀದಿ ಪತ್ರಗಳನ್ನು ಸಿದ್ಧಪಡಿಸಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲ ಕರಡನ್ನು ನಾನೂ ಎಷ್ಟೋ ಸಲ ಮೊಬೈಲಿಗೆ ಹೇಳಿಯೇ ಬರೆಸುತ್ತೇನೆ. ಆದರೆ ಕರಡನ್ನು ಓದಿ ಹೇಳುತ್ತಿದ್ದಂತೆ, ಚೆಕ್ಕುಬಂದಿಯಲ್ಲಿ ಪೂರ್ವಕ್ಕಿಂತ ಮೊದಲೇ ಪಶ್ಚಿಮ ಬಂದಿದೆ, 12 ಗುಂಟೆ ಇದ್ದದ್ದು 21 ಆಗಿದೆ ಎಂದು ರೈತರು ತಪ್ಪು ತೋರಿಸುತ್ತಾರೆ. ‘ಏಳನೆಯ ಸಾಲಿನಲ್ಲಿ ಎರಡನೆಯ ಸಲ ಬರುವ ಗುಂಟೆಯ ಹಿಂದಿನ ಅಂಕಿ’ ಎಂದು ಯಂತ್ರಕ್ಕೆ ವಿವರಿಸುವಷ್ಟರಲ್ಲಿ ಕೈ ಆ ಕೆಲಸವನ್ನು ಮುಗಿಸಿರುತ್ತದೆ. ವಿಮ್‌ನಲ್ಲಿ ಪಠ್ಯ ಸೇರಿಸದೆ ಇರುವಾಗ ಅಕ್ಷರದ ಕೀಲಿಗಳೇ ಆಜ್ಞೆಗಳು; ಪಶ್ಚಿಮದ ಸಾಲಿನ ಮೇಲೆ ನಿಂತು ಡಿ ಕೀಲಿಯನ್ನು ಎರಡು ಸಲ, ಪಿ ಕೀಲಿಯನ್ನು ಒಂದು ಸಲ ಒತ್ತಿದರೆ ಆ ಸಾಲು ಪೂರ್ವದ ಸಾಲಿನ ಕೆಳಗೆ ಹೋಗಿ ಕೂರುತ್ತದೆ. ಅಲ್ಲದೆ, ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿರುವಾಗ ಒಬ್ಬರ ಜಮೀನಿನ ಬೆಲೆಯನ್ನು ಗಟ್ಟಿಯಾಗಿ ಹೇಳಿ ಬರೆಸುವುದು ಸರಿಯೂ ಅಲ್ಲ.

ಬೆರಳಿನ ರೂಢಿ ಯಂತ್ರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ವಿಮ್‌ನಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳು ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಒಯ್ಯುವುದಕ್ಕೆ ಕಾರಣ, 1976ರಲ್ಲಿ ಬಿಲ್ ಜಾಯ್ ವಿಮ್‌ನ ಪೂರ್ವಜನಾದ ವಿಐ ತಂತ್ರಾಂಶವನ್ನು ಬರೆದಾಗ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ (ಗಣಕಕ್ಕೆ ಜೋಡಿಸುವ ಪರದೆ-ಕೀಲಿಮಣೆಯಲ್ಲಿ) ಬಾಣದ ಗುರುತುಗಳು ಆ ನಾಲ್ಕು ಕೀಲಿಗಳ ಮೇಲೆಯೇ ಇದ್ದದ್ದು. ಆ ಟರ್ಮಿನಲ್ ಗುಜರಿ ಸೇರಿತು. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ವಿಮ್ ಆ ರೂಢಿಯನ್ನು ಉಳಿಸಿಕೊಂಡದ್ದರಿಂದ, ಆ ಟರ್ಮಿನಲ್ಲನ್ನು ಕಣ್ಣಾರೆ ಕಾಣದ ನನ್ನ ಬೆರಳಿಗೂ ಅದು ಅಂಟಿಕೊಂಡಿದೆ.

ಹಾಗಾಗಿಯೇ, ವಿಮ್‌ಗಿಂತ ಮೊದಲು ಕನ್ನಡದ ಕೀಲಿ ವಿನ್ಯಾಸವನ್ನು ನೀವು ಗಟ್ಟಿಮಾಡಿಕೊಳ್ಳಬೇಕು. ನಾನು ಕಲಿತದ್ದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆ. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಬೇಕು. ಒಮ್ಮೆ ಬೇರೊಂದು ಕಡೆ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿ ವಿನ್ಯಾಸ ಇದ್ದ ಗಣಕದ ಮುಂದೆ ಕೂತು ಅದೇ ಐದು ಕೀಲಿಗಳನ್ನು ಒತ್ತಿದಾಗ ಪರದೆಯ ಮೇಲೆ ಮೂಡಿದ್ದು ‘ಕಲಿಲೈ’. ತಿದ್ದಲು ಹೋದಷ್ಟೂ ಬೆರಳು ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಸೋಜಿಗವೆಂದರೆ, ನುಡಿಯಲ್ಲಿ ‘ಡ’ ಎಲ್ಲಿದೆ ಎಂದು ಯಾರಾದರೂ ಥಟ್ಟನೆ ಕೇಳಿದರೆ ಇವತ್ತಿಗೂ ನಾನು ಗಾಳಿಯಲ್ಲಿ ಬೆರಳಾಡಿಸಿ ನೋಡಿಯೇ ಉತ್ತರಿಸಬೇಕು.

ವಿಮ್‌ನಲ್ಲಿ ಕನ್ನಡ ಬರೆಯುವವರಿಗೆ ಇನ್ನೊಂದು ತೊಡಕಿದೆ. ಗಣಕದ ಕೀಲಿಮಣೆಯನ್ನೇ ಕನ್ನಡದ ನುಡಿ ವಿನ್ಯಾಸಕ್ಕೆ ಬದಲಿಸಿದ್ದರೆ, ಸಾಲು ಅಳಿಸಲೆಂದು ಡಿ ಒತ್ತಿದಾಗ ವಿಮ್‌ಗೆ ತಲುಪುವುದು ‘ದ’. ಅದು ಆಜ್ಞೆಯೆಂದು ವಿಮ್‌ಗೆ ತಿಳಿಯುವುದಿಲ್ಲ. ಇದಕ್ಕೆ ವಿಮ್‌ನೊಳಗಿನ ಕೀಮ್ಯಾಪ್ ಸೌಲಭ್ಯವೇ ಪರಿಹಾರ: ಯಾವ ಕೀಲಿಗೆ ಯಾವ ಅಕ್ಷರ ಎಂದು ಒಂದು ಕಡತದಲ್ಲಿ ಬರೆದಿಟ್ಟರೆ, ಪಠ್ಯ ಸೇರಿಸುವಾಗ ಕನ್ನಡ ಮೂಡುತ್ತದೆ, ಎಸ್ಕೇಪ್ ಒತ್ತಿ ಹೊರಬಂದ ಕೂಡಲೇ ಕೀಲಿಗಳು ಮತ್ತೆ ಆಜ್ಞೆಗಳಾಗುತ್ತವೆ. ಆ ಕಡತ ಬರೆಯಲು ನನಗೆ ಒಂದು ಭಾನುವಾರ ಹಿಡಿಯಿತು.